ರಾಕೆಟ್ ಹಾರುವುದು ಶ್ರೀಹರಿಕೋಟಾದಲ್ಲಿ, ಕಿವಿ ಇರುವುದು ಪೀಣ್ಯದಲ್ಲಿ!

(ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಶ್ರೀಹರಿಕೋಟಾದಿಂದ ರಾಕೆಟ್ ಹಾರಿದರೆ ನಾವೆಲ್ಲ ಟಿ.ವಿ. ಮುಂದೆ ಕೂತು ಚಪ್ಪಾಳೆ ತಟ್ಟುತ್ತೇವೆ. ಬೆಂಕಿ ಕಾಣುತ್ತದೆ, ಹೊಗೆ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ರಾಕೆಟ್ ಕಣ್ಮರೆಯಾಗುತ್ತದೆ. ಆಮೇಲೆ? ಅದು ದಾರಿಯಲ್ಲಿದೆಯೋ ದಾರಿ ತಪ್ಪಿದೆಯೋ ಎಂದು ಹೇಳುವವರು ಯಾರು? ಆಂಟೆನಾಗಳು! ಆ ಆಂಟೆನಾ ಜಾಲದ ಕೇಂದ್ರ ಇರುವುದು ಬೇರೆಲ್ಲೂ ಅಲ್ಲ, ನಮ್ಮ ಬೆಂಗಳೂರಿನ ಪೀಣ್ಯದಲ್ಲಿ. ಅದರ ಹೆಸರು ಇಸ್ಟ್ರಾಕ್. ದಿನವೂ ಆ ರಸ್ತೆಯಲ್ಲಿ ಬಸ್ಸಿಗೆ ನೇತಾಡಿಕೊಂಡು ಹೋಗುವ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದೂ ಇದೇ ಪೀಣ್ಯದ ತಗಡಿನ ಶೆಡ್ಡುಗಳಲ್ಲಿ. ಮುಂದಾಳು ನಮ್ಮ ಉಡುಪಿ ಕಡೆಯ ಯು.ಆರ್. ರಾವ್. ೧೯೭೫ರ ಏಪ್ರಿಲ್ ೧೯ರಂದು ರಷ್ಯಾದ ರಾಕೆಟ್ ಅದನ್ನು ಮೇಲಕ್ಕೆ ಒಯ್ದಿತು. ಅದರ ಮಾಹಿತಿ ಹಿಡಿಯಲು ಇಲ್ಲಿ ಜಾಗವಿರಲಿಲ್ಲ. ಒಂದು ಶೌಚಾಲಯವನ್ನೇ ಮಾಹಿತಿ ಕೇಂದ್ರ ಮಾಡಿಕೊಂಡರು! ನಗಬೇಡಿ. ಇಂದಿನ ದೊಡ್ಡ ಜಾಲದ ಬೇರು ಅಂಥ ಬಡತನದಲ್ಲಿದೆ.

ಒಂದು ಆಂಟೆನಾ ಸಾಲದೇ ಎಂದು ಕೇಳುತ್ತೀರಿ. ಸಾಲದು. ಭೂಮಿ ದುಂಡಗಿದೆ, ರೇಡಿಯೋ ಅಲೆ ನೇರ ಹೋಗುತ್ತದೆ. ರಾಕೆಟ್ ದಿಗಂತದಾಚೆ ಇಳಿದರೆ ಶ್ರೀಹರಿಕೋಟಾದ ಆಂಟೆನಾ ಕುರುಡು. ಆಗ ಮುಂದಿನ ಊರಿನ ಆಂಟೆನಾ ಅದನ್ನು ಹಿಡಿಯಬೇಕು. ರಿಲೇ ಓಟದ ಕೋಲಿನ ಹಾಗೆ ಕೈಯಿಂದ ಕೈಗೆ! ಅದಕ್ಕೇ ಪೋರ್ಟ್ ಬ್ಲೇರ್, ಮಾರಿಷಸ್, ಬ್ರೂನೈ, ಇಂಡೋನೇಷ್ಯಾದ ಬಿಯಾಕ್‌ನಲ್ಲೆಲ್ಲ ನಿಲ್ದಾಣಗಳನ್ನು ಕಟ್ಟಿದರು.

ಮಂಗಳಯಾನದ ಕಥೆ ಕೇಳಿ. ೨೦೧೩ರ ಅಕ್ಟೋಬರ್ ೨೮ಕ್ಕೆ ಉಡಾವಣೆ ಎಂದು ನಿಗದಿಯಾಗಿತ್ತು. ಈ ಸಲ ರಾಕೆಟ್ಟಿನ ಕೊನೆಯ ಹಂತ ಹೊತ್ತಿಕೊಳ್ಳಬೇಕಾದದ್ದು ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ. ಅಲ್ಲಿ ನೆಲವೇ ಇಲ್ಲ, ಆಂಟೆನಾ ಎಲ್ಲಿ ನೆಡುವುದು? ನಳಂದಾ, ಯಮುನಾ ಎಂಬ ಎರಡು ಹಡಗುಗಳ ಮೇಲೆ ಆಂಟೆನಾ ಹೇರಿ ಕಳಿಸಿದರು. ಹವಾಮಾನ ಕೆಟ್ಟಿತು. ನಳಂದಾ ಫಿಜಿ ತಲುಪುವುದು ತಡವಾಯಿತು. ಇತ್ತ ಕೋಟ್ಯಂತರ ರೂಪಾಯಿಯ ಯೋಜನೆ ಒಂದು ಹಡಗಿಗಾಗಿ ಕಾದು ನಿಂತಿತು. ಮಂಗಳನ ಕಡೆ ಹೊರಡುವ ಬಾಗಿಲು ನವೆಂಬರ್ ೧೯ಕ್ಕೆ ಮುಚ್ಚುವುದಿತ್ತು. ತಪ್ಪಿದರೆ ಮತ್ತೆ ಎರಡು ವರ್ಷ ಕಾಯಬೇಕು! ಆದರೂ ಅವಸರ ಮಾಡಲಿಲ್ಲ. ಹಡಗು ಜಾಗಕ್ಕೆ ಬಂದ ಮೇಲೆ, ನವೆಂಬರ್ ೫ರ ಮಧ್ಯಾಹ್ನ ೨.೩೮ಕ್ಕೆ ರಾಕೆಟ್ ಹಾರಿತು. ಕೇಳಿಸಿಕೊಳ್ಳುವವನಿಲ್ಲದೆ ಕಳಿಸುವುದು ಕುರುಡು ಜೂಜು ಎಂದು ಅವರಿಗೆ ಗೊತ್ತಿತ್ತು.

ಚಂದ್ರನಾಚೆಯ ಸಂಕೇತ ಬರುವಷ್ಟರಲ್ಲಿ ಬಲು ಕ್ಷೀಣವಾಗಿರುತ್ತದೆ. ಅದನ್ನು ಹಿಡಿಯಲು ಮೈಸೂರು ರಸ್ತೆಯ ಕಡೆಯ ಬ್ಯಾಲಾಳು ಹಳ್ಳಿಯನ್ನು ಆರಿಸಿದರು. ಸುತ್ತ ಏರು, ನಡುವೆ ತಗ್ಗು, ಬಟ್ಟಲಿನಂಥ ನೆಲ. ನಗರದ ರೇಡಿಯೋ ಗದ್ದಲ ಒಳಗೆ ನುಗ್ಗುವುದಿಲ್ಲ. ಅಲ್ಲಿ ೧೮ ಮೀಟರ್, ೩೨ ಮೀಟರ್ ಅಗಲದ ಎರಡು ಆಂಟೆನಾ ನಿಂತವು. ೨೦೦೮ರ ಅಕ್ಟೋಬರ್ ೨೨ರಂದು ಹಾರಿದ ಚಂದ್ರಯಾನದ ದನಿ ಕೇಳಿದ್ದು ಈ ಕನ್ನಡದ ಹಳ್ಳಿ.

೨೦೧೯ರ ಸೆಪ್ಟೆಂಬರ್ ೭ರ ನಡುರಾತ್ರಿ ನೆನಪಿದೆಯೇ? ಚಂದ್ರನ ನೆಲಕ್ಕೆ ೨.೧ ಕಿ.ಮೀ. ಎತ್ತರದಲ್ಲಿ ವಿಕ್ರಮನ ದನಿ ನಿಂತಿತು. ಪೀಣ್ಯದ ಆ ಕೋಣೆಯಲ್ಲಿ ಮೌನ ಕವಿಯಿತು. ಅವರು ಕಿವಿ ಮುಚ್ಚಿಕೊಳ್ಳಲಿಲ್ಲ. ನಾಲ್ಕು ವರ್ಷದ ಮೇಲೆ, ೨೦೨೩ರ ಆಗಸ್ಟ್ ೨೩ರ ಸಂಜೆ, ಚಂದ್ರಯಾನ-೩ ಇಳಿದ ಸುದ್ದಿಯೂ ಅದೇ ಪೀಣ್ಯದಿಂದ ಲೋಕಕ್ಕೆ ಹೋಯಿತು.

ನಾನು ಅಚ್ಚಿನ ಮನೆಯವನು. ಹಾಳೆಯ ಮೇಲೆ ಅಕ್ಷರ ನೋಡುವ ನೀವು ಕರಡು ತಿದ್ದಿದವನನ್ನು ನೋಡುವುದಿಲ್ಲ. ಇದೂ ಹಾಗೆಯೇ. ತಮ್ಮಂದಿರೇ, ಮುಂದಿನ ಸಲ ರಾಕೆಟ್ ಹಾರಿದಾಗ ಹೊಗೆ ಕರಗಿದ ಕೂಡಲೇ ಟಿ.ವಿ. ಆರಿಸಬೇಡಿ. ನಮ್ಮ ಪೀಣ್ಯದವರ ಕೆಲಸ ಶುರುವಾಗುವುದು ಆಗಲೇ!