ಮಗುವಿನ ಅಪೆಂಡಿಕ್ಸ್: ಕೀಹೋಲೋ, ಹೊಟ್ಟೆ ಕುಯ್ಯುವುದೋ?

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಮಗುವಿಗೆ ಅಪೆಂಡಿಕ್ಸ್ ಆಪರೇಷನ್ ಆಗಬೇಕು ಎಂದೊಡನೆ ತಂದೆತಾಯಿ ಕೇಳುವುದು, "ಡಾಕ್ಟ್ರೇ, ಕೀಹೋಲ್ ಮಾಡ್ತೀರಾ, ಹೊಟ್ಟೆ ಕುಯ್ತೀರಾ?" ಎಂದು. ಪ್ರಶ್ನೆ ಸಹಜವೇ. ಆದರೆ ವೈದ್ಯರಿಗೆ ಮೊದಲು ತಿಳಿಯಬೇಕಾದದ್ದು, ನೋವು ಶುರುವಾಗಿ ಎಷ್ಟು ಹೊತ್ತಾಯಿತು ಎಂಬುದು.

ಅಪೆಂಡಿಕ್ಸ್ ಎಂದರೆ ದೊಡ್ಡ ಕರುಳಿನ ಆರಂಭದಲ್ಲಿ ಬೆರಳಿನಂತೆ ಜೋತುಬಿದ್ದಿರುವ ಕೊಳವೆ. ಅದರ ಬಾಯಿ ಕಟ್ಟಿಕೊಂಡರೆ ಒಳಗೆ ಸೋಂಕು ಬೆಳೆದು ಊದಿಕೊಳ್ಳುತ್ತದೆ. ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಆರಂಭವಾಗಿ ಬಲಗಡೆ ಕೆಳಕ್ಕೆ ಸರಿಯುತ್ತದೆ. ಜೊತೆಗೆ ವಾಂತಿ, ಸಣ್ಣ ಜ್ವರ, ಊಟ ಬೇಡವೆನ್ನುವುದು. ಐದು ವರ್ಷದೊಳಗಿನ ಮಕ್ಕಳು ನೋವಿನ ಜಾಗವನ್ನು ಸರಿಯಾಗಿ ಹೇಳಲಾರರು. ಅವರಲ್ಲಿ ರೋಗ ಪತ್ತೆಯಾಗುವಷ್ಟರಲ್ಲಿ ಅಪೆಂಡಿಕ್ಸ್ ಒಡೆದಿರುವುದೇ ಹೆಚ್ಚು.

ನಮ್ಮ ಪೀಣ್ಯ, ಬೊಮ್ಮಸಂದ್ರದ ಕಡೆ ಆಗುವುದೇನು? ತಂದೆ ರಾತ್ರಿ ಪಾಳಿಯಲ್ಲಿ, ತಾಯಿ ಗಾರ್ಮೆಂಟ್ಸಿನಲ್ಲಿ. ರಜೆ ಹಾಕಿದರೆ ಸಂಬಳಕ್ಕೆ ಕತ್ತರಿ. 'ಗ್ಯಾಸ್ ಇರಬೇಕು' ಎಂದು ಮೆಡಿಕಲ್ ಶಾಪಿನ ಮಾತ್ರೆ, ಓಮದ ನೀರು, ಕೊನೆಗೆ ಹರಳೆಣ್ಣೆ. ಎರಡು ದಿನ ಹೀಗೇ ಕಳೆಯುತ್ತದೆ. ಇಂಥ ನೋವಿಗೆ ಹರಳೆಣ್ಣೆ, ಭೇದಿ ಮಾತ್ರೆ ಕೊಡಲೇಬಾರದು. ನೋವು ಥಟ್ಟನೆ ಇಳಿದರೂ ಸಮಾಧಾನಪಡಬೇಡಿ; ಅಪೆಂಡಿಕ್ಸ್ ಒಡೆದಾಗಲೂ ಸ್ವಲ್ಪ ಹೊತ್ತು ಹಾಗಾಗುವುದುಂಟು.

ಇನ್ನು ವಿಧಾನದ ಮಾತು. ಅಪೆಂಡಿಕ್ಸ್ ತೆಗೆದ ಮೊದಲ ದಾಖಲೆ 1735ರದು, ಲಂಡನ್ನಿನಲ್ಲಿ. ರೋಗಿ 11 ವರ್ಷದ ಹುಡುಗ. ಅರಿವಳಿಕೆಯೇ ಇಲ್ಲದ ಕಾಲ, ಪಾಪ! ಲ್ಯಾಪರೋಸ್ಕೋಪಿನಿಂದ ಅದನ್ನು ತೆಗೆದು ತೋರಿಸಿದವರು ಜರ್ಮನಿಯ ಕರ್ಟ್ ಸೆಮ್, 1980ರಲ್ಲಿ. ಅವರು ಸ್ತ್ರೀರೋಗ ತಜ್ಞರು ಎಂಬುದು ಸ್ವಾರಸ್ಯ.

ಕೀಹೋಲ್‌ನಲ್ಲಿ ಹೊಟ್ಟೆಗೆ ಅನಿಲ ತುಂಬಿ, ಸಾಮಾನ್ಯವಾಗಿ ಮೂರು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ, ಸಲಕರಣೆ ಇಳಿಸುತ್ತಾರೆ. ಗಾಯ ಕೀವಾಗುವುದು ಕಡಿಮೆ, ಮಗು ಬೇಗ ಮನೆಗೆ, ಶಾಲೆಗೆ ಮರಳುತ್ತದೆ. ಹೆಣ್ಣುಮಕ್ಕಳಲ್ಲಿ ನೋವು ಅಂಡಾಶಯದ್ದೇ ಎಂಬುದನ್ನೂ ಕಣ್ಣಾರೆ ನೋಡಬಹುದು. ತೆರೆದ ಆಪರೇಷನ್‌ಗೆ ಬಲಗಡೆ ಕೆಳಗೆ ಕೆಲವು ಸೆಂಟಿಮೀಟರ್ ಸೀಳು. ದುಬಾರಿ ಯಂತ್ರ ಬೇಡ. ಮಕ್ಕಳಲ್ಲಿ ಹೊಟ್ಟೆಯ ಗೋಡೆ ತೆಳು, ಆದ್ದರಿಂದ ಆ ಸೀಳೂ ದೊಡ್ಡದಾಗಿರಬೇಕಿಲ್ಲ. ಎರಡಕ್ಕೂ ಮಗುವಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು. ಕೀಹೋಲ್ ಆರಂಭಿಸಿ ನಡುವೆ ಹೊಟ್ಟೆ ತೆರೆದರೆ ವೈದ್ಯರು ಸೋತರೆಂದು ತಿಳಿಯಬೇಡಿ. ಅದು ಮಗುವಿನ ಸುರಕ್ಷೆಗಾಗಿ ತೆಗೆದುಕೊಂಡ ತೀರ್ಮಾನ. ನುರಿತ ಕೈ, ಸಲಕರಣೆ ಎರಡೂ ಇದ್ದಲ್ಲಿ ನನ್ನ ಒಲವು ಕೀಹೋಲ್ ಕಡೆಗೇ. ಆದರೆ ಅದಕ್ಕಾಗಿ ಊರೆಲ್ಲ ಅಲೆಯುತ್ತಾ ರಾತ್ರಿ ಕಳೆಯುವುದನ್ನು ನಾನು ಒಪ್ಪಲಾರೆ.

ಆಂಟಿಬಯಾಟಿಕ್ ಸಾಲದೇ ಎನ್ನುವವರಿದ್ದಾರೆ. 2025ರಲ್ಲಿ ಪ್ರಕಟವಾದ ಐದು ದೇಶಗಳ ಅಧ್ಯಯನದಲ್ಲಿ, ಒಡೆಯದ ಅಪೆಂಡಿಕ್ಸ್‌ಗೆ ಔಷಧವನ್ನಷ್ಟೇ ಪಡೆದ ಮಕ್ಕಳಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ವರ್ಷದೊಳಗೆ ಆ ಚಿಕಿತ್ಸೆ ಫಲಿಸಲಿಲ್ಲ.

ಖರ್ಚಿನ ಭಯದಿಂದ ತಡ ಮಾಡಬೇಡಿ. ಇಎಸ್‌ಐ ಕಾರ್ಮಿಕರ ಮಕ್ಕಳಿಗೂ ಚಿಕಿತ್ಸೆಯ ಹಕ್ಕಿದೆ. ಪೀಣ್ಯ, ರಾಜಾಜಿನಗರಗಳಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಮಕ್ಕಳಿಗೆಂದೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. ಹೊರಡುವಾಗ ಕಾರ್ಡು ಜೊತೆಗಿರಲಿ. ದಾರಿಯಲ್ಲಿ ಬಿಸ್ಕತ್ತು, ಹಾಲು ಕೊಡಬೇಡಿ. ಮಗು ಕೊನೆಗೆ ಏನನ್ನು, ಎಷ್ಟು ಗಂಟೆಗೆ ತಿಂದಿತು ಎಂಬುದನ್ನು ನೆನಪಿಟ್ಟು ಅರಿವಳಿಕೆ ತಜ್ಞರಿಗೆ ಹೇಳಿ.