ಸುಡದೆ ಉಳಿದ 34 ಎಕರೆ

ಈ ವಾರ ನಿಮ್ಮನ್ನ ಆಸ್ಟ್ರೇಲಿಯಾದ ದಕ್ಷಿಣಕ್ಕಿರೋ ಕಾಂಗರೂ ದ್ವೀಪಕ್ಕೆ ಕರ್ಕೊಂಡು ಹೋಗ್ತೀನಿ. ನಮ್ಮ ಕೊಡಗಿಗಿಂತ ಸ್ವಲ್ಪ ದೊಡ್ಡದು, ಸುಮಾರು 4,400 ಚದರ ಕಿಲೋಮೀಟರ್. 2019ರ ಡಿಸೆಂಬರ್‌ನಲ್ಲಿ ಸಿಡಿಲು ಬಡಿದು ಅಲ್ಲಿ ಬೆಂಕಿ ಹತ್ತಿಕೊಂಡಿತು. ಒಂದು ತಿಂಗಳಲ್ಲಿ 2 ಲಕ್ಷ ಹೆಕ್ಟೇರ್‌ಗೂ ಹೆಚ್ಚು, ಅಂದ್ರೆ ಹತ್ತಿರ ಹತ್ತಿರ ಅರ್ಧ ದ್ವೀಪ, ಸುಟ್ಟುಹೋಯ್ತು.

ಆಗ ಕೋಲಾಗಳ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತೆ. ಪಾಪ ಅನ್ಸುತ್ತೆ, ನಿಜ. ಆದ್ರೆ ಕೋಲಾ ಆ ದ್ವೀಪದ್ದೇ ಅಲ್ಲ, 1920ರ ದಶಕದಲ್ಲಿ ಜನ ತಂದು ಬಿಟ್ಟಿದ್ದು. ಕ್ಯಾಮೆರಾ ಹುಡುಕಬೇಕಾಗಿದ್ದ ಪ್ರಾಣಿ ಬೇರೆ ಇತ್ತು: ಡನ್ನಾರ್ಟ್. ನೋಡೋಕೆ ಇಲಿ, ಆದ್ರೆ ಕಾಂಗರೂ ಥರ ಚೀಲದಲ್ಲಿ ಮರಿ ಸಾಕುತ್ತೆ. ತೂಕ 20-25 ಗ್ರಾಂ. ಈ ಜಾತಿಯ ಡನ್ನಾರ್ಟ್ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅದರ ನೆಲೆಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗ ಬೆಂಕಿಗೆ ಸಿಕ್ಕಿತ್ತು.

ನಾನು ಬಿ.ಕಾಂ. ಓದಿದವನು. 90 ಪರ್ಸೆಂಟ್ ಬಂಡವಾಳ ಹೋಯ್ತು ಅಂದ್ರೆ ಅಂಗಡಿಗೆ ಬೀಗ ಅಂತಲೇ ನಮ್ಮ ಲೆಕ್ಕ. ಕಾಡಿನಲ್ಲಿ ಮಾತ್ರ ಉಳಿದ 10 ಎಲ್ಲಿದೆ ಅನ್ನೋದನ್ನ ಮೊದಲು ನೋಡ್ಬೇಕು. ಎಂಥಾ ದೊಡ್ಡ ಬೆಂಕಿಯೂ ಎಲ್ಲವನ್ನೂ ಒಂದೇ ಸಮ ಸುಡಲ್ಲ. ತೇವ ಇರೋ ಕಣಿವೆ, ತೊರೆಯ ಅಂಚು, ಬಂಡೆಗಳ ಸಂದು, ಹಿಂದೊಮ್ಮೆ ಸುಟ್ಟು ಉರುವಲೇ ಇಲ್ಲದ ಜಾಗ, ಇಂಥ ಕಡೆ ಹಸಿರು ತೇಪೆಗಳು ಉಳೀತವೆ. ಮುಂದೆ ಬೀಜ ಬರೋದು, ಪರಾಗ ಹೊರೋ ಹಕ್ಕಿ-ಕೀಟ ಬರೋದು ಇಲ್ಲಿಂದ್ಲೇ. ಹೆಚ್ಚಿನ ಮರಗಳ ಬೀಜ ತಾಯಿಮರದಿಂದ ತುಂಬಾ ದೂರ ಹೋಗಲ್ಲ. ಹಾಗಾಗಿ ಒಂದೇ ದೊಡ್ಡ ತೇಪೆಯ ಜೊತೆಗೆ ಅಲ್ಲಲ್ಲಿ ಚದುರಿದ ಸಣ್ಣವೂ ಬೇಕು.

ಅಲ್ಲಿನ ಹೊಳಪು ಕಪ್ಪು ಕಾಕಟೂ ಗಿಳಿಯನ್ನೇ ನೋಡಿ. ಅದು ಬದುಕೋದೇ ಶೀ-ಓಕ್ ಮರದ ಕಾಯಿ ತಿಂದು. ನಮ್ಮ ಕರಾವಳಿಯ ಗಾಳಿಮರದ ಹತ್ತಿರದ ನೆಂಟ ಅದು. ಸುಟ್ಟ ಜಾಗದಲ್ಲಿ ಹೊಸ ಸಸಿ ಬರುತ್ತೆ, ಆದ್ರೆ ಕಾಯಿ ಬಿಡೋಕೆ ವರ್ಷಗಟ್ಟಲೆ ಬೇಕು. ಅಲ್ಲಿವರೆಗೆ ಗಿಳಿಗೆ ಊಟ ಸುಡದೆ ಉಳಿದ ಮರಗಳಲ್ಲೇ.

ಇಲ್ಲೊಂದು ಅಪಾಯ ಇದೆ. ಮರೆಮಾಚೋ ಪೊದೆ ಎಲ್ಲಾ ಬೂದಿಯಾದ್ಮೇಲೆ ಬದುಕುಳಿದ ಜೀವಗಳು ತೇಪೆಗಳಲ್ಲೇ ಗುಂಪುಗೂಡ್ತವೆ. ಕಾಡುಬೆಕ್ಕುಗಳಿಗೆ, ಅಂದ್ರೆ ಮನುಷ್ಯರು ತಂದು ಕಾಡು ಸೇರಿದ ಬೆಕ್ಕುಗಳಿಗೆ, ಅಷ್ಟೇ ಸಾಕು. ಬೆಂಕಿ ನಂತರ ಹಿಡಿದ 86 ಬೆಕ್ಕುಗಳನ್ನ ಪರೀಕ್ಷೆ ಮಾಡಿದಾಗ 7ರ ಹೊಟ್ಟೇಲಿ ಡನ್ನಾರ್ಟ್ ಅವಶೇಷ ಸಿಕ್ಕಿತು. ಇರೋದೇ ಬೆರಳೆಣಿಕೆಯ ಪ್ರಾಣಿ, ಅದರಲ್ಲಿ ಇದು!

ವೆಸ್ಟರ್ನ್ ರಿವರ್ ಅನ್ನೋ ಕಡೆ ಖಾಸಗಿ ಜಮೀನಿನ ಸುಡದ ತೇಪೆಯೊಂದರಲ್ಲಿ ಡನ್ನಾರ್ಟ್ ಇರೋದು ಕ್ಯಾಮೆರಾಗೆ ಸಿಕ್ಕಿತು. ಆಸ್ಟ್ರೇಲಿಯನ್ ವೈಲ್ಡ್‌ಲೈಫ್ ಕನ್ಸರ್ವೆನ್ಸಿ ಮತ್ತು ಸ್ಥಳೀಯ ಜಮೀನುದಾರರು ವರದಿ, ಸಮಿತಿ ಅಂತ ಕಾಯ್ಲಿಲ್ಲ. 2020ರ ಫೆಬ್ರವರಿ ಹೊತ್ತಿಗೆ 13.8 ಹೆಕ್ಟೇರ್‌ಗೆ, ಅಂದ್ರೆ 34 ಎಕರೆಗೆ, ಬೆಕ್ಕು ನುಗ್ಗದ ಬೇಲಿ ಹಾಕಿಬಿಟ್ರು. ನಂಗೆ ಈ ಕಥೇಲಿ ತುಂಬಾ ಇಷ್ಟ ಆದ ಭಾಗ ಇದು. ಎರಡು ಲಕ್ಷ ಹೆಕ್ಟೇರ್ ಬೂದಿ ಮುಂದೆ ನಿಂತು 34 ಎಕರೆಗೆ ಬೇಲಿ ಕಟ್ಟೋಕೆ ಧೈರ್ಯ ಬೇಕು.

ಆಮೇಲೆ ಸುತ್ತಲಿನ ಜಾಗವನ್ನೂ ಸೇರಿಸಿ ಬೇಲಿಯನ್ನ 369 ಹೆಕ್ಟೇರ್‌ಗೆ ಹಿಗ್ಗಿಸಿದ್ರು. ಅದರೊಳಗೆ ಪೊದೆ ಮತ್ತೆ ಬೆಳೀತಾ ಇದೆ, ಡನ್ನಾರ್ಟೂ ಇದೆ.

ಮುಂದಿನ ವಾರ ಸಿಗೋಣ.