ಉದ್ಯೋಗಾರ್ಥಿಯ ಬಿನ್ನಹಪತ್ರ

(ಚಿನಕುರಳಿಯಲ್ಲಿ ನೆರೆದಿದ್ದ ಭಕ್ತರ ಹಾಗೂ ತರುಣರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಉತ್ಸವದ ಈ ಶುಭಸಂದರ್ಭದಲ್ಲಿ, ಉದ್ಯೋಗವನ್ನರಸುವ ತರುಣರಿಗೆ ಉಪಯೋಗವಾಗತಕ್ಕ ನಾಲ್ಕು ಮಾತುಗಳನ್ನು ಆಡಬೇಕೆಂದು ಅಪ್ಪಣೆಯಾಗಿದೆ. ವಿದ್ವಾಂಸರು ಗಹನವಾದ ವಿಷಯಗಳನ್ನು ಪ್ರತಿಪಾದಿಸುವ ಇಂತಹ ವೇದಿಕೆಯಲ್ಲಿ ಅರ್ಜಿ ಬರೆಯುವ ರೀತಿಯನ್ನು ಕುರಿತು ಮಾತನಾಡುವುದು ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಕಾಯಕವನ್ನು ದೊಡ್ಡದೆಂದು ನಂಬಿದ ಜನರಿಗೆ, ಆ ಕಾಯಕವನ್ನು ದೊರಕಿಸಿಕೊಳ್ಳುವ ದಾರಿಯು ಅಲ್ಪವಾದೀತೆ? ಮಕ್ಕಳನ್ನು ಓದಿಸುವುದಕ್ಕಾಗಿ ಗದ್ದೆಯನ್ನು ಭೋಗ್ಯಕ್ಕೆ ಹಾಕಿದ ಮನೆಗಳು ನಮ್ಮ ಹಳ್ಳಿಗಳಲ್ಲಿ ಉಂಟು. ಅಂತಹ ಮನೆಯ ಹದಿನೈದು ವರ್ಷಗಳ ಶ್ರಮವೆಲ್ಲವೂ ಕೊನೆಗೆ ಒಂದೆರಡು ಹಾಳೆಗಳ ಮೇಲೆ ಬಂದು ನಿಲ್ಲುತ್ತದೆ. ಆ ಹಾಳೆಗಳನ್ನು ಅನೇಕ ತರುಣರು ಗೆಳೆಯನ ಪ್ರತಿಯೊಂದನ್ನು ತಂದು, ಹೆಸರು ವಿಳಾಸಗಳನ್ನು ಮಾತ್ರ ಬದಲಾಯಿಸಿ, ಅರ್ಧಗಳಿಗೆಯಲ್ಲಿ ಮುಗಿಸಿಬಿಡುತ್ತಾರೆ. ಇದು ಶೋಚನೀಯವಾದ ಸಂಗತಿ.

ಊರಿನಲ್ಲಿ ಒಬ್ಬನ ಯೋಗ್ಯತೆಯನ್ನು ತಿಳಿಯುವುದಕ್ಕೆ ಕಾಗದವು ಬೇಕಾಗಿಲ್ಲ. ಇಂತಹವರ ಮೊಮ್ಮಗ, ಮಾತಿಗೆ ತಪ್ಪದವನು, ಲೆಕ್ಕದಲ್ಲಿ ಗಟ್ಟಿ ಎಂದು ಹತ್ತು ಜನ ಹೇಳುತ್ತಾರೆ. ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿಯೋ, ಬಿಡದಿಯ ಕಾರ್ಖಾನೆಯಲ್ಲಿಯೋ, ಬೆಂಗಳೂರಿನ ಕಚೇರಿಯಲ್ಲಿಯೋ ಕುಳಿತಿರುವ ಅಧಿಕಾರಿಗೆ ಆ ಹತ್ತು ಜನರು ಸಿಕ್ಕುವುದಿಲ್ಲ. ಆತನ ಮುಂದೆ ಇರುವುದು ಕಾಗದವೊಂದೇ. ನೀವು ಮಾಡಿರುವ ಕೆಲಸವು ನಿಮ್ಮನ್ನು ಕಂಡರಿಯದವನ ಕಣ್ಣಿಗೆ ಕಾಣುವಂತೆ ಮಾಡುವುದೇ ಅರ್ಜಿಯ ಧರ್ಮ. ಈ ಹೊತ್ತು ನಾನು ಹೇಳಬೇಕೆಂದಿರುವುದರ ಸಾರಾಂಶವು ಇಷ್ಟೇ.

ಮೊದಲು ಒಂದು ಭೇದವನ್ನು ಅರಿಯಬೇಕು. ಸರಕಾರದ ಹುದ್ದೆಗಳಿಗೆ, ಅಂದರೆ 1951ರಲ್ಲಿ ಸ್ಥಾಪಿತವಾದ ಲೋಕಸೇವಾ ಆಯೋಗವೇ ಮೊದಲಾದವುಗಳ ಮೂಲಕ ನೇಮಕವಾಗುವ ಹುದ್ದೆಗಳಿಗೆ, ಅರ್ಜಿಯ ನಮೂನೆಯು ಗೊತ್ತಾಗಿಯೇ ಇರುತ್ತದೆ. ಅಲ್ಲಿ ವಾಕ್ಚಾತುರ್ಯಕ್ಕೆ ಎಡೆಯಿಲ್ಲ. ಎಚ್ಚರಿಕೆಗೆ ಮಾತ್ರ ಎಡೆಯುಂಟು. ಹೆಸರೂ ಜನ್ಮದಿನಾಂಕವೂ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಇರತಕ್ಕದ್ದು. ಗ್ರಾಮೀಣ ಅಭ್ಯರ್ಥಿಗಳಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಮೀಸಲಾತಿಯುಂಟು. ಆದರೆ ಅದರ ಪ್ರಮಾಣಪತ್ರಗಳನ್ನು ನಿಗದಿಯಾದ ನಮೂನೆಯಲ್ಲಿ, ಕೊನೆಯ ದಿನಾಂಕಕ್ಕೆ ಮುಂಚೆಯೇ ಪಡೆದಿಟ್ಟುಕೊಳ್ಳಬೇಕು. ಪ್ರಕಟಣೆ ಬಂದಮೇಲೆ ಕಚೇರಿಗೆ ಅಲೆಯತೊಡಗಿದರೆ ಕಾಲವು ಮೀರಿಹೋದೀತು.

ಇತರ ಸಂಸ್ಥೆಗಳ ರೀತಿಯು ಬೇರೆ. ಅವು ಸಾಮಾನ್ಯವಾಗಿ ಎರಡು ಪತ್ರಗಳನ್ನು ಅಪೇಕ್ಷಿಸುತ್ತವೆ. ಒಂದು, ರೆಸ್ಯೂಮೆ ಎಂದೂ ಬಯೋಡೇಟಾ ಎಂದೂ ಕರೆಯಿಸಿಕೊಳ್ಳುವ ಸ್ವವಿವರಪತ್ರ. ಇನ್ನೊಂದು, ಅದರೊಡನೆ ಕಳುಹಿಸುವ ಕವರಿಂಗ್ ಲೆಟರ್. ಇದನ್ನು ನಾವು ಬಿನ್ನಹಪತ್ರವೆನ್ನೋಣ. ಮೊದಲನೆಯದು ನಾನು ಏನನ್ನು ಮಾಡಿದ್ದೇನೆ ಎಂಬುದನ್ನು ತಿಳಿಸುತ್ತದೆ. ಎರಡನೆಯದು ನಿಮ್ಮ ಈ ಕೆಲಸಕ್ಕೆ ನಾನು ಏಕೆ ತಕ್ಕವನು ಎಂಬುದನ್ನು ತಿಳಿಸುತ್ತದೆ.

ಬಿನ್ನಹಪತ್ರಕ್ಕೆ ಲೋಕಪ್ರಸಿದ್ಧವಾದ ಒಂದು ನಿದರ್ಶನವು ನಮ್ಮ ನೆರೆನಾಡಿನಲ್ಲಿಯೇ ಇದೆ. ಗಣಿತಜ್ಞನಾದ ಶ್ರೀನಿವಾಸ ರಾಮಾನುಜನ್ನನು 1912ನೆಯ ಇಸವಿ ಫೆಬ್ರವರಿ 9ರಂದು ಮದರಾಸಿನ ಬಂದರು ಕಚೇರಿಯ ಮುಖ್ಯ ಲೆಕ್ಕಾಧಿಕಾರಿಗೆ ಗುಮಾಸ್ತೆಯ ಕೆಲಸಕ್ಕಾಗಿ ಅರ್ಜಿ ಬರೆದನು. ಆತನಿಗೆ ಪದವಿಯಿರಲಿಲ್ಲ, ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲಿಲ್ಲ. ಆದರೂ ಇಲ್ಲದ ಪದವಿಯನ್ನು ಅಂಟಿಸಿಕೊಳ್ಳಲಿಲ್ಲ. ಮೆಟ್ರಿಕ್ಯುಲೇಷನ್ ಮುಗಿಸಿರುವೆನೆಂದೂ, ಎಫ್.ಎ.ವರೆಗೆ ಓದಿ ಪ್ರತಿಕೂಲ ಸನ್ನಿವೇಶಗಳಿಂದ ಮುಂದುವರಿಯಲಾಗಲಿಲ್ಲವೆಂದೂ, ತನ್ನ ಕಾಲವನ್ನೆಲ್ಲ ಗಣಿತಕ್ಕೆ ವಿನಿಯೋಗಿಸಿರುವೆನೆಂದೂ, ಕೆಲಸ ಕೊಟ್ಟರೆ ಅದಕ್ಕೆ ನ್ಯಾಯ ಸಲ್ಲಿಸಬಲ್ಲೆನೆಂದೂ ಚಿಕ್ಕದಾಗಿ ಬರೆದು, ಆತನ ಗಣಿತಶಕ್ತಿಯನ್ನು ಬಲ್ಲ ಪ್ರಾಧ್ಯಾಪಕರೊಬ್ಬರ ಯೋಗ್ಯತಾಪತ್ರವನ್ನು ಜೊತೆಗಿಟ್ಟನು. ಮಾರ್ಚ್ 1ರಂದು ತಿಂಗಳಿಗೆ 30 ರೂಪಾಯಿ ಸಂಬಳದ ಮೇಲೆ ಕೆಲಸಕ್ಕೆ ಸೇರಿದನು.

ಅದೇ ರಾಮಾನುಜನ್ನನು 1913ರ ಜನವರಿ 16ರಂದು ಕೇಂಬ್ರಿಜ್ಜಿನ ಗಣಿತ ವಿದ್ವಾಂಸರಾದ ಹಾರ್ಡಿಯವರಿಗೆ ಬರೆದ ಪತ್ರವೇ ಬೇರೆ ಬಗೆಯದು. ಅಲ್ಲಿಯೂ ತಾನು ಬಂದರು ಕಚೇರಿಯ ಸಣ್ಣ ಗುಮಾಸ್ತೆಯೆಂಬುದನ್ನು ಮರೆಮಾಚಲಿಲ್ಲ. ಆದರೆ ತಾನು ಕಂಡುಹಿಡಿದ ಗಣಿತ ಫಲಿತಗಳನ್ನು ಪುಟಗಟ್ಟಲೆ ಬರೆದು ಜೊತೆಗೆ ಕಳುಹಿಸಿದನು. ಮರುವರ್ಷ ಆತನು ಇಂಗ್ಲೆಂಡಿಗೆ ಹೊರಟನು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದನು. ಮನುಷ್ಯನು ಒಬ್ಬನೇ, ಪತ್ರಗಳು ಎರಡು. ಲೆಕ್ಕಾಧಿಕಾರಿಗೆ ಬೇಕಾದುದನ್ನು ಲೆಕ್ಕಾಧಿಕಾರಿಗೂ, ವಿದ್ವಾಂಸರಿಗೆ ಬೇಕಾದುದನ್ನು ವಿದ್ವಾಂಸರಿಗೂ ಬರೆದನು. ಒಂದೇ ಅರ್ಜಿಯ ನೂರು ಪ್ರತಿಗಳನ್ನು ನೂರು ಕಡೆಗೆ ಕಳುಹಿಸುವವರು ಇದನ್ನು ಗಮನಿಸಬೇಕು.

ನಮ್ಮಲ್ಲಿ ರಾಮಾನುಜನ್ನನಂತಹ ಪ್ರತಿಭೆ ಇಲ್ಲ, ನಾವು ಬರೆಯುವುದಾದರೂ ಏನನ್ನು ಎಂದು ನೀವು ಕೇಳಬಹುದು. ಹಳ್ಳಿಯ ತರುಣರ ನಿಜವಾದ ಕೊರತೆಯು ಅನುಭವವಿಲ್ಲದಿರುವುದಲ್ಲ. ಇರುವ ಅನುಭವವನ್ನು ಅನುಭವವೆಂದು ಎಣಿಸದಿರುವುದು. ಬಿ.ಕಾಂ. ಓದುತ್ತ ಪ್ರತಿದಿನ ಬೆಳಗ್ಗೆ ಹಾಲು ಉತ್ಪಾದಕರ ಸಂಘದಲ್ಲಿ ಹಾಲನ್ನು ಅಳೆದು, ಕೊಬ್ಬಿನಂಶವನ್ನು ಪರೀಕ್ಷಿಸಿ, ಲೆಕ್ಕವನ್ನು ಬರೆದ ಹುಡುಗನು ಅರ್ಜಿಯಲ್ಲಿ ಆ ಮಾತನ್ನೇ ಎತ್ತದೆ, ತಾನು ಕಠಿಣ ಪರಿಶ್ರಮಿ, ಪ್ರಾಮಾಣಿಕ ಎಂದು ಬರೆಯುತ್ತಾನೆ. ಈ ವಿಶೇಷಣಗಳನ್ನು ಎಲ್ಲರೂ ಬರೆಯುತ್ತಾರೆ. ಆದಕಾರಣ ಅವು ಯಾರನ್ನೂ ತೋರಿಸುವುದಿಲ್ಲ. ಅದರ ಬದಲಾಗಿ ಆತನು, ಎರಡು ವರ್ಷಗಳ ಕಾಲ ಪ್ರತಿದಿನ 80 ಮಂದಿ ಉತ್ಪಾದಕರ ಹಾಲಿನ ಲೆಕ್ಕವನ್ನು ಗಣಕಯಂತ್ರದಲ್ಲಿ ದಾಖಲಿಸಿ ವಾರದ ಬಟವಾಡೆಯ ಪಟ್ಟಿಯನ್ನು ಸಿದ್ಧಪಡಿಸಿದೆನು ಎಂದು, ಸಂಖ್ಯೆಯು ನಿಜವಾಗಿದ್ದ ಪಕ್ಷದಲ್ಲಿ, ಬರೆಯಲಿ. ಓದಿದ ಅಧಿಕಾರಿಗೆ ಪ್ರಾಮಾಣಿಕತೆಯೂ ಪರಿಶ್ರಮವೂ ತಾವಾಗಿಯೇ ಕಾಣುತ್ತವೆ. ಆಲೆಮನೆಯ ಆಳುಗಳ ಕೂಲಿಯ ಲೆಕ್ಕವನ್ನು ಇಟ್ಟವನು, ಜಾತ್ರೆಯ ದಾಸೋಹದಲ್ಲಿ ಉಗ್ರಾಣದ ಹೊಣೆ ಹೊತ್ತವನು, ಸ್ತ್ರೀಶಕ್ತಿ ಸಂಘದ ಪುಸ್ತಕವನ್ನು ನಿರ್ವಹಿಸಿದ ಹೆಣ್ಣುಮಗಳು, ಇವರೆಲ್ಲರಿಗೂ ಬರೆಯಲು ಬೇಕಾದಷ್ಟು ಉಂಟು. ಏನು ಮಾಡಿದೆ, ಎಷ್ಟು ಮಾಡಿದೆ, ಎಷ್ಟು ಕಾಲ ಮಾಡಿದೆ, ಅದರಿಂದ ಏನಾಯಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವಿದ್ದರೆ ಸಾಕು.

ಐ.ಟಿ.ಐ. ಮುಗಿಸಿದವರು ಕೆಲಸದ ವಿಭಾಗವನ್ನೂ, ತಾವು ನಡೆಸಬಲ್ಲ ಯಂತ್ರಗಳ ಹೆಸರುಗಳನ್ನೂ, 1961ರ ಕಾಯಿದೆಯ ಮೇರೆಗೆ ಅಪ್ರೆಂಟಿಸ್ ಆಗಿದ್ದರೆ ಅದರ ಅವಧಿಯನ್ನೂ ಸ್ಪಷ್ಟವಾಗಿ ನಮೂದಿಸಲಿ. ಹೊಸಬರಿಗೆ ಸ್ವವಿವರಪತ್ರವು ಒಂದು ಪುಟವಿದ್ದರೆ ಸಾಕು. ಇತ್ತೀಚಿನ ಓದು ಮತ್ತು ಕೆಲಸವು ಮೊದಲು ಬರಲಿ. ದೊಡ್ಡ ಸಂಸ್ಥೆಗಳು ಅನೇಕವು ಅರ್ಜಿಗಳನ್ನು ಮೊದಲು ಗಣಕಯಂತ್ರದಿಂದಲೇ ಸೋಸುವುದರಿಂದ, ಚಿತ್ರ ಬಣ್ಣಗಳ ಅಲಂಕಾರವನ್ನು ಬಿಟ್ಟು, ಜಾಹೀರಾತಿನಲ್ಲಿರುವ ಕೆಲಸದ ಹೆಸರುಗಳು ನಿಮಗೆ ನಿಜವಾಗಿ ಅನ್ವಯಿಸುವಲ್ಲಿ ಅವೇ ಪದಗಳನ್ನು ಬಳಸಿರಿ. ನಮೂನೆಯು ಕೇಳದಿರುವಾಗ ಜಾತಿ, ಮತ, ಮದುವೆ, ತಂದೆಯ ಆಸ್ತಿ ಇವುಗಳ ಪ್ರಸ್ತಾಪವು ಬೇಡ. ಆಧಾರ್ ಸಂಖ್ಯೆಯನ್ನೂ ಬ್ಯಾಂಕ್ ಖಾತೆಯನ್ನೂ ಅರ್ಜಿಯಲ್ಲಿ ಬರೆಯಲೇಕೂಡದು. ಕೆಲಸ ಕೊಡಿಸುತ್ತೇವೆ, ಮುಂಗಡ ಹಣ ಕಳುಹಿಸಿರಿ ಎನ್ನುವವರನ್ನು ನಂಬಲಾಗದು.

ಬಿನ್ನಹಪತ್ರದಲ್ಲಿ ಮೂರು ಭಾಗಗಳಿರಲಿ: ಯಾವ ಹುದ್ದೆ, ಅದನ್ನು ಎಲ್ಲಿ ಕಂಡಿರಿ ಎಂಬುದು ಮೊದಲನೆಯದು, ಅವರ ಅಗತ್ಯಕ್ಕೆ ಸಲ್ಲುವ ನಿಮ್ಮ ಒಂದೆರಡು ಕೆಲಸಗಳು ಎರಡನೆಯದು, ಯಾವಾಗ ಭೇಟಿಗೆ ಬರಬಲ್ಲಿರಿ ಎಂಬುದು ಮೂರನೆಯದು. ದೀನರಾಗಿ ಬೇಡುವುದೂ ಬೇಡ, ಬೀಗುವುದೂ ಬೇಡ. ಮನೆಯ ಕಷ್ಟವನ್ನು ತೋಡಿಕೊಂಡರೆ ಓದುವವನಿಗೆ ಮರುಕವುಂಟಾದೀತು, ಭರವಸೆಯು ಉಂಟಾಗಲಾರದು. ಇಂಗ್ಲಿಷ್ ಬರೆಯಬೇಕಾದಲ್ಲಿ ಸಣ್ಣ ವಾಕ್ಯಗಳಲ್ಲಿ ನೀವೇ ಬರೆದು, ಬಲ್ಲವರಿಂದ ತಿದ್ದಿಸಿಕೊಳ್ಳಿರಿ. ಇತರರಿಂದಲೋ ಯಂತ್ರದಿಂದಲೋ ಪೂರ್ತಿಯಾಗಿ ಬರೆಯಿಸಿದ ಪತ್ರದ ಬಣ್ಣವು ಸಂದರ್ಶನದ ಮೊದಲ ಪ್ರಶ್ನೆಗೇ ಕಳಚಿಬೀಳುತ್ತದೆ. ವಿವಾಹದಿಂದಲೋ ಹಿರಿಯರ ಶುಶ್ರೂಷೆಯಿಂದಲೋ ಕೆಲಸದಲ್ಲಿ ತೆರಪು ಬಿದ್ದಿದ್ದರೆ ಅದನ್ನು ಒಂದು ಸಾಲಿನಲ್ಲಿ ಹೇಳಿಬಿಡಿರಿ. ಅದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ.

ಕೊನೆಯದಾಗಿ ಹಿರಿಯರಲ್ಲಿ ಒಂದು ಅರಿಕೆ. ಯೋಗ್ಯತಾಪತ್ರವನ್ನು ಕೇಳಿಕೊಂಡು ತರುಣರು ನಿಮ್ಮ ಬಳಿಗೂ ಶ್ರೀಮಠಕ್ಕೂ ಬರುತ್ತಾರೆ. ನಮ್ಮವನು, ಒಳ್ಳೆಯ ಮನೆತನದವನು ಎಂದು ಬರೆದುಕೊಟ್ಟರೆ ಅದರಿಂದ ಆತನಿಗೆ ಪ್ರಯೋಜನವು ಸ್ವಲ್ಪವೇ. ಯಾವ ಕೆಲಸವನ್ನು ನಿಮ್ಮ ಕಣ್ಣೆದುರಿಗೆ ಹೇಗೆ ಮಾಡಿದನು ಎಂಬುದನ್ನು ಬರೆದುಕೊಡಿರಿ. ಕಾಣದುದನ್ನು ಬರೆಯಬೇಡಿರಿ, ಒಂದು ಸುಳ್ಳು ಪತ್ರವು ಅದೇ ಊರಿನಿಂದ ಮುಂದೆ ಬರುವ ಹತ್ತು ಸತ್ಯವಾದ ಪತ್ರಗಳ ಬೆಲೆಯನ್ನು ಕಳೆಯುತ್ತದೆ.

ತರುಣರೇ, ಅರ್ಜಿಗಳು ಅನೇಕವು ಉತ್ತರವಿಲ್ಲದೆ ಹೋಗುತ್ತವೆ. ಒಂದೇ ಹುದ್ದೆಗೆ ನೂರಾರು ಜನ ಬರೆಯುವಾಗ ಅದು ನಿಮ್ಮ ಯೋಗ್ಯತೆಯ ಮೇಲಣ ತೀರ್ಪಲ್ಲ. ಕಳುಹಿಸಿದ ಪ್ರತಿಯೊಂದರ ದಿನಾಂಕವನ್ನೂ ಒಂದು ಪುಸ್ತಕದಲ್ಲಿ ಗುರುತಿಟ್ಟುಕೊಂಡು, ಮುಂದಿನದನ್ನು ಹಿಂದಿನದಕ್ಕಿಂತ ಚೆನ್ನಾಗಿ ಬರೆಯಿರಿ. ಈ ವರ್ಷ ಬಿತ್ತಿದ್ದು ಒಣಗಿತೆಂದು ಮುಂದಿನ ವರ್ಷ ನೇಗಿಲು ಕಟ್ಟದೆ ಬಿಟ್ಟ ರೈತನನ್ನು ಈ ಸೀಮೆಯು ಕಂಡಿಲ್ಲ. ನೀವು ಆ ರೈತರ ಮಕ್ಕಳು.